ಕುಮುದವಲ್ಲಿಯ ಕೈಬರಹ

ಕಳೆದ ಶನಿವಾರ ಬಂಗಾರಪೇಟೆ ಸ್ಟೇಷನ್ ಎದುರು ಹುರಿದ ಕಡಲೆಕಾಯಿ ಕೊಂಡೆ. ಕಡಲೆಕಾಯಿ ಮುಟ್ಟಬೇಡಿ ಎಂದು ಹಲ್ಲಿನ ಡಾಕ್ಟರು ಹೇಳಿದ್ದಾರೆ, ಹೆಂಡತಿಯೂ ಹೇಳಿದ್ದಾಳೆ. ಇಬ್ಬರೂ ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡೇ ಕೊಂಡೆ ಅನ್ನಿ. ಒಂದೊಂದೇ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಾ ಹೋದಂತೆ ಪೊಟ್ಟಣದೊಳಗಿನಿಂದ ಮೊದಲು ಒಂದು ಹುಬ್ಬು, ಆಮೇಲೆ ಒಂದು ಕಣ್ಣು, ಆಮೇಲೆ ಮಲ್ಲಿಗೆ ಮುಡಿದ ಅರ್ಧ ತಲೆ ಕಾಣಿಸಿತು. ಉಳಿದ ಕಾಯನ್ನು ಜೇಬಿಗೆ ಸುರಿದುಕೊಂಡು ಕಾಗದ ಬಿಡಿಸಿದೆ. ಹದಿನೈದು ದಿನದ ಕೆಳಗೆ ತೀರಿಕೊಂಡ ಹಳೆಯ ಚಿತ್ರನಟಿ ಕುಮುದವಲ್ಲಿಯ ಬಗ್ಗೆ ಯಾರೋ ಬರೆದ ಲೇಖನ. ಅಭಿಮಾನಿಗಳ ಒಂದೊಂದು ಪತ್ರಕ್ಕೂ ಆಕೆ ಸ್ವಂತ ಕೈಯಿಂದಲೇ ಉತ್ತರ ಬರೆಯುತ್ತಿದ್ದರಂತೆ. ರಾಗಿ ಮುದ್ದೆ, ಹಿತಕಿದ ಅವರೆಬೇಳೆ ಸಾರು ಅಂದರೆ ಆಕೆಗೆ ಪಂಚಪ್ರಾಣವಂತೆ.

ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಪಕ್ಕದಲ್ಲಿ ಆಟೋ ಒರೆಸುತ್ತಿದ್ದವನು, "ಏನ್ ತಾತಾ, ಒಬ್ರೇ ನಗ್ತಾ ಇದೀರ?" ಎಂದ. ಅವನಿಗೆ ಏನೆಂದು ಹೇಳಲಿ? ನಿಮಗಾದರೆ ಬಿಡುವಿದೆ, ಕೂತು ಕೇಳುತ್ತೀರಿ. ಆ ಕೈ ಕುಮುದವಲ್ಲಿಯದಲ್ಲ, ನಮ್ಮ ಅತ್ತಿಗೆ ರತ್ನಮ್ಮನದು.

ಐವತ್ತು ವರ್ಷದ ಹಿಂದಿನ ಮಾತು. ಆಗ ನಾನು ಬಂಗಾರಪೇಟೆ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಹೊಸದಾಗಿ ಸೇರಿದ ಗುಮಾಸ್ತ. ರೈಲೇ ನನ್ನ ಮಾತಿನ ಮೇಲೆ ಹೊರಡುತ್ತದೆ ಎಂಬಂತೆ ಓಡಾಡುತ್ತಿದ್ದೆ. ಮನೆ ಅಲ್ಲಿಂದ ಎರಡು ಮೈಲಿಯ ಹಳ್ಳಿಯಲ್ಲಿ. ಅಣ್ಣ ಹೊಲ ನೋಡುತ್ತಿದ್ದ, ಅತ್ತಿಗೆ ನಾಲ್ಕು ಹಸು ನೋಡುತ್ತಿದ್ದರು. ಅತ್ತಿಗೆಯ ತವರು ಚಿನ್ನದ ಗಣಿಯ ಉರಿಗಾಂ. ಅವರ ಅಪ್ಪ ಗಣಿ ಕೆಲಸದವರು, ಸಾಲುಮನೆಗಳ ಒಂದು ಲೈನಿನಲ್ಲಿ ವಾಸ. ಒಂದು ಗೋಡೆಯಾಚೆ ತಮಿಳು, ಇನ್ನೊಂದು ಗೋಡೆಯಾಚೆ ತೆಲುಗು, ಸ್ಕೂಲಿನಲ್ಲಿ ಕನ್ನಡ. ಹಾಗಾಗಿ ಅತ್ತಿಗೆ ಮೂರರಲ್ಲೂ ಬೈಯಬಲ್ಲರು ಮಾತ್ರವಲ್ಲ, ಮೂರನ್ನೂ ದುಂಡಗೆ ಬರೆಯಬಲ್ಲರು.

ಒಂದು ಭಾನುವಾರ ರಾಬರ್ಟ್‌ಸನ್‌ಪೇಟೆಯಲ್ಲಿ ಕುಮುದವಲ್ಲಿಯ ಸಿನಿಮಾ ನೋಡಿ ಬಂದೆವು. ಅದರಲ್ಲಿ ಆಕೆ ತಲೆಯ ಮೇಲೆ ಬುತ್ತಿ ಹೊತ್ತು, ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿ, ಹಾಡಿಕೊಂಡು ಹೊಲಕ್ಕೆ ಹೋಗುತ್ತಾರೆ. ನನಗೆ ಎದೆ ಝಲ್ಲೆಂದಿತ್ತು. ಅತ್ತಿಗೆಗೆ ಮೈಯೆಲ್ಲ ಉರಿದಿತ್ತು. "ಬುತ್ತಿ ಒತ್ತೋಳು ಇಂಗೆ ಕುಣ್ಕಂಡು ಓದ್ರೆ ಸಾರೆಲ್ಲ ಕತ್ತಿಗೆ ಸುರೀತದೆ. ಆಯಮ್ಮಂಗೆ ಯಾರೂ ಏಳೋರಿಲ್ವಾ?" ಎಂದು ದಾರಿಯುದ್ದಕ್ಕೂ ಗೊಣಗಿ, ಮನೆಗೆ ಬಂದವರೇ ಕಾಗದ ಬರೆದರು. ಆಕೆ ಯಾವ ಭಾಷೆ ಓದುತ್ತಾರೋ ಗೊತ್ತಿಲ್ಲವಲ್ಲ, ಅದಕ್ಕೆ ಒಂದೇ ಹಾಳೆಯಲ್ಲಿ ಅದೇ ಬೈಗುಳವನ್ನು ಮೊದಲು ಕನ್ನಡದಲ್ಲಿ, ಕೆಳಗೆ ತೆಲುಗಿನಲ್ಲಿ, ಹಿಂದುಗಡೆ ತಮಿಳಿನಲ್ಲಿ ಬರೆದರು. ನಮ್ಮ ಕಡೆಯವರಿಗೆ ಮಾತ್ರ ಹೊಳೆಯುವ ಉಪಾಯ ಇದು.

ತಿಂಗಳಾದ ಮೇಲೆ ಮದ್ರಾಸ್ ರೈಲಿನಿಂದ ಗೋಣಿಯಲ್ಲಿ ಹೊಲಿದ ಒಂದು ಕಟ್ಟು ಇಳಿಯಿತು. ಹೆಸರು ನಮ್ಮ ಅತ್ತಿಗೆಯದು. ಒಳಗೆ ಇನ್ನೂರು ಮುನ್ನೂರು ಅಭಿಮಾನಿ ಪತ್ರಗಳು, ಒಂದಷ್ಟು ಫೋಟೋಗಳು, ಜೊತೆಗೆ ಕುಮುದವಲ್ಲಿಯ ಮ್ಯಾನೇಜರ್ ಶೇಷಾಚಲಂ ಎಂಬುವರ ಕಾಗದ. ಮೇಡಂ ಮೂರು ಭಾಷೆಯಲ್ಲಿ ನಟಿಸುತ್ತಾರೆ, ಮೂರರಲ್ಲೂ ಪತ್ರಗಳು ಬರುತ್ತವೆ, ಮೂರನ್ನೂ ಒಂದೇ ಕೈ ಬರೆದರೆ ಚೆಂದ, ತಾವು ಬರೆದುಕೊಡಬೇಕು ಎಂದು. ಬರೆದದ್ದನ್ನು ಮದ್ರಾಸಿಗೆ ಕಳಿಸಬೇಕು, ಅಲ್ಲಿಂದಲೇ ಅಂಚೆಗೆ ಹಾಕುತ್ತಾರೆ. ಲಕೋಟೆಯ ಮೇಲೆ ಮದ್ರಾಸಿನ ಮುದ್ರೆ ಬೀಳಬೇಕಲ್ಲ.

ಆ ಕಾಗದದ ಜೊತೆ ಒಂದು ಪಟ್ಟಿಯೂ ಇತ್ತು. ಮೇಡಂ ಎಂದೂ ಸಿಟ್ಟಾಗುವುದಿಲ್ಲ. ಸೂರ್ಯ ಹುಟ್ಟುವ ಮೊದಲೇ ಎದ್ದು ಮನೆ ಮುಂದೆ ರಂಗೋಲಿ ಇಡುತ್ತಾರೆ. ಮನೆಯಲ್ಲಿ ಬಿಳಿ ಸೀರೆ ಬಿಟ್ಟು ಬೇರೆ ಉಡುವುದಿಲ್ಲ. ಅವರ ಆಹಾರ ಹಾಲು, ಹಣ್ಣು. ಗಂಡಸರು ಏನೇ ಬರೆದಿರಲಿ, ಉತ್ತರ 'ತಮ್ಮಾ' ಎಂದೇ ಶುರುವಾಗಬೇಕು. ಕೊನೆಯದಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು: ಯಾರಿಗೂ, ಯಾವ ಕಾರಣಕ್ಕೂ, ಯಾವ ಮಾತೂ ಕೊಡಕೂಡದು.

ಅತ್ತಿಗೆ ಪಟ್ಟಿಯನ್ನು ಎರಡು ಸಲ ಓದಿದರು. "ಆಲು ಅಣ್ಣು ತಿನ್ಕಂಡು ಯಾವ ಎಂಗ್ಸು ಬದುಕ್ತಾಳಪ್ಪಾ? ಕಾಯ್ಲೆ ಬಿದ್ದಿರೋಳಾ ಇವ್ಳು?" ಎಂದು ಸೆರಗು ಸಿಕ್ಕಿಸಿ ಕೂತರು. ನಿಮಗೆ ಇಷ್ಟವಾದ ಊಟ ಯಾವುದು ಎಂದು ಕೇಳಿದ ಮೊದಲನೇ ಅಭಿಮಾನಿಗೇ ರಾಗಿ ಮುದ್ದೆ, ಹಿತಕಿದ ಅವರೆಬೇಳೆ ಸಾರು ಎಂದು ಉತ್ತರ ಹೋಯಿತು. ಗುಡುಗಿಗೆ ಭಯವಾಗುತ್ತದಾ ಎಂದು ಕೇಳಿದವಳಿಗೆ, ಗುಡುಗಿಗಿಲ್ಲ, ಕಂಬಳಿಹುಳಕ್ಕೆ ಆಗುತ್ತದೆ ಎಂದು ಹೋಯಿತು. ಗುಡುಗಿಗೆ ಹೆದರದೆ ಕಂಬಳಿಹುಳಕ್ಕೆ ಹೆದರುವುದು ಅತ್ತಿಗೆಯೇ. ಮಧ್ಯಾಹ್ನ ಹಸುಗಳಿಗೆ ಹುಲ್ಲು ಹಾಕಿದ ಮೇಲೆ, ಸಂಜೆ ಹಾಲು ಕರೆಯುವುದರೊಳಗೆ, ಜಗಲಿಯ ಮೇಲೆ ಮಣೆ ಇಟ್ಟುಕೊಂಡು ಅವರು ಕುಮುದವಲ್ಲಿಯಾಗುತ್ತಿದ್ದರು. ಅಣ್ಣ ಹೊಲದಿಂದ ಬಂದವನು, "ಸಿನಿಮಾದೋರು ಮುದ್ದೆ ಇಕ್ತಾರಾ, ಇಲ್ಲ ನಾನೇ ಇಕ್ಕಂಬೇಕಾ?" ಎಂದು ಕೇಳುತ್ತಿದ್ದ.

ಇಲ್ಲಿ ನನ್ನ ಮಾನವನ್ನೂ ಸ್ವಲ್ಪ ಕಳೆದುಕೊಳ್ಳಬೇಕಾಗಿದೆ. ಈ ಕಟ್ಟುಗಳು ಬರುವುದಕ್ಕೆ ಮುಂಚೆಯೇ ನಾನು ಕುಮುದವಲ್ಲಿಗೆ ಗುಟ್ಟಾಗಿ ಒಂದು ಕಾಗದ ಹಾಕಿದ್ದೆ. ಅದರಲ್ಲಿ ಚಂದ್ರ ಎಷ್ಟು ಸಲ ಬಂದಿದ್ದ ಎಂದು ಈಗ ಹೇಳಲಾರೆ. ಆ ಕಾಗದ ಮದ್ರಾಸಿಗೆ ಹೋಗಿ, ಮೊದಲನೇ ಕಟ್ಟಿನೊಳಗೆ ಸೇರಿ, ನಾನೇ ಇಳಿಸಿಕೊಂಡ ಪಾರ್ಸೆಲಿನಲ್ಲಿ ನಮ್ಮ ಜಗಲಿಗೇ ಬಂದಿತ್ತು. ನನಗೇನು ಗೊತ್ತು? ಕೆಲವು ವಾರದ ಮೇಲೆ ಆಫೀಸಿಗೆ ಮದ್ರಾಸಿನ ಮುದ್ರೆ ಬಿದ್ದ ಲಕೋಟೆ ಬಂತು. ಅತ್ತಿಗೆ ನನಗೆ ಗೊತ್ತಾಗದಿರಲೆಂದು ಅಕ್ಷರವನ್ನು ಬಲಕ್ಕೆ ಓರೆ ಮಾಡಿ ಬರೆದಿದ್ದರು. 'ತಮ್ಮಾ, ನಿನ್ನ ಅಭಿಮಾನಕ್ಕೆ ಋಣಿ. ಮನೆಯಲ್ಲಿ ಹಿರಿಯರು, ಅದರಲ್ಲೂ ಅತ್ತಿಗೆಯಂಥವರು ತೋರಿಸಿದ ಹುಡುಗಿಯನ್ನು ಒಪ್ಪಿಕೊಂಡರೆ ನನಗೆ ಬಹಳ ಸಂತೋಷ.' ನನ್ನೊಬ್ಬನಿಗೆ ಮಾತ್ರ ಆಕೆಯೇ ಬರೆದಿದ್ದಾರೆಂದು ನಂಬಿ ನಾನು ಅದನ್ನು ಷರ್ಟಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ, ಅತ್ತಿಗೆ ತೋರಿಸಿದ ಹುಡುಗಿಯನ್ನು ಒಪ್ಪಿಯೂಬಿಟ್ಟೆ. ವಿಷಯ ತಿಳಿದದ್ದು ಮದುವೆಯಾಗಿ ಮೂರು ತಿಂಗಳ ಮೇಲೆ. ಹಲ್ಲಿನ ಡಾಕ್ಟರ ಜೊತೆ ಸೇರಿಕೊಂಡು ಕಡಲೆಕಾಯಿ ಬೇಡ ಎನ್ನುತ್ತಿರುವುದು ಆ ಹುಡುಗಿಯೇ.

ಮುದ್ದೆಯ ಸುದ್ದಿ ಅಭಿಮಾನಿಗಳಿಂದ ಪತ್ರಿಕೆಗೆ ಹೋಯಿತು. ಮುಂದಿನ ಸಿನಿಮಾದಲ್ಲಿ ಕುಮುದವಲ್ಲಿ ಮುದ್ದೆ ತೊಳಸುವ ದೃಶ್ಯವೇ ಬಂತು, ಕಾಲಲ್ಲಿ ಚಪ್ಪಲಿಯಿಲ್ಲ, ತಲೆಯ ಮೇಲಿನ ಬುತ್ತಿ ಅಲ್ಲಾಡಲಿಲ್ಲ. ಶೇಷಾಚಲಂ ಬೈಯುತ್ತಾರೇನೋ ಎಂದು ಕಾದರೆ, 'ಹೀಗೇ ಮುಂದುವರಿಸಿ' ಎಂದು ಒಂದೇ ಸಾಲು ಬರೆದರು. ಹನಿಗೂಡಿದರೆ ಹಳ್ಳ, ತೆನೆಗೂಡಿದರೆ ಬಳ್ಳ. ಬೆಳಕು ಬಿಡುವವನು ಒಂದು ಚೂರು, ಫೋಟೋದಲ್ಲಿ ಕೆನ್ನೆ ತಿದ್ದುವವನು ಒಂದು ಚೂರು, ಪಟ್ಟಿ ಬರೆದವರು ಒಂದು ಚೂರು, ಬಂಗಾರಪೇಟೆ ಪಕ್ಕದ ಹಸು ಕಾಯುವ ಹೆಂಗಸು ಒಂದು ಚೂರು, ಎಲ್ಲ ಸೇರಿ ಒಬ್ಬ ಕುಮುದವಲ್ಲಿ. ಇದನ್ನು ಮೋಸ ಎನ್ನುವವರಿದ್ದಾರೆ. ನನಗೆ ಹಾಗನ್ನಿಸಿಲ್ಲ. ಅಷ್ಟು ಜನ ಕೊಟ್ಟ ಚೂರುಗಳನ್ನೆಲ್ಲ ಒಂದೇ ಮೈಮೇಲೆ ಹೊತ್ತು, ಮೂವತ್ತು ವರ್ಷ ಒಂದು ಚೂರೂ ಕೆಳಗೆ ಬೀಳದ ಹಾಗೆ ನಡೆಯಬೇಕಲ್ಲ, ಅದು ಸುಲಭದ ಕೆಲಸವಲ್ಲ.

ಒಂದು ಮಳೆಗಾಲದಲ್ಲಿ ಉರಿಗಾಂನಿಂದಲೇ ಒಂದು ಕಾಗದ ಬಂತು. ಬರೆದವಳು ಅಂಜಲೈ, ಅತ್ತಿಗೆಯ ತವರಿನ ಲೈನಿನಿಂದ ಎರಡು ಲೈನು ಆಚೆಯವಳು. ಗಂಡ ಜ್ವರದಲ್ಲಿ ತೀರಿಕೊಂಡಿದ್ದ. ಮಗಳು ಸೆಲ್ವಿಯನ್ನು ಸ್ಕೂಲು ಬಿಡಿಸಿ ಕೆಲಸಕ್ಕೆ ಕಳಿಸಲು ನೆಂಟರು ಹೇಳುತ್ತಿದ್ದಾರೆ, ನೀವು ಹೇಳಿದ ಹಾಗೆ ಮಾಡುತ್ತೇನೆ ಎಂದು ತಮಿಳಿನಲ್ಲಿ ಬರೆದಿದ್ದಳು. ಅತ್ತಿಗೆ ಆ ದಿನ ಬೇರೆ ಕಾಗದ ಮುಟ್ಟಲಿಲ್ಲ.

"ನೀವೇ ಹೋಗಿ ಹೇಳಿ ಅತ್ಗೆ, ಗೊತ್ತಿರೋ ಮನೆ ತಾನೆ," ಎಂದೆ.

"ನಾನು ಏಳಿದ್ರೆ ಯಾರ್ ಕೇಳ್ತಾರೆ? ನನ್ನೇ ಎಂಟ್ನೇ ಕ್ಲಾಸ್ಗೆ ಬಿಡಿಸಿಲ್ವಾ? ಕುಮುದವಲ್ಲಿ ಏಳಿದ್ರೆ ಕೇಳ್ತಾರೆ."

ಬರೆದರು. ಮಗಳ ಓದು ನಿಲ್ಲಿಸಬೇಡ, ಅವಳು ಹತ್ತನೇ ಕ್ಲಾಸು ಪಾಸಾದರೆ ನಾನೇ ನಿನ್ನ ಮನೆಗೆ ಬಂದು ನಿನ್ನ ಕೈಯ ಮುದ್ದೆ ಉಣ್ಣುತ್ತೇನೆ, ಇದು ನನ್ನ ಮಾತು ಎಂದು. ಕೆಂಪು ಗೆರೆ ಎಳೆದ ನಿಯಮವನ್ನೇ ಮುರಿದಿದ್ದರು. ನನಗೆ ಹೇಳಲೂ ಇಲ್ಲ.

ಎರಡು ವರ್ಷದ ಮೇಲೆ ಸೆಲ್ವಿ ಪಾಸಾದಳು. ಅದೇ ಸಮಯಕ್ಕೆ ಕುಮುದವಲ್ಲಿಯ ಒಂದು ಸಿನಿಮಾ ರಾಬರ್ಟ್‌ಸನ್‌ಪೇಟೆಯಲ್ಲಿ ನೂರು ದಿನ ಓಡಿ, ಆಕೆಯೇ ಬರುತ್ತಾರೆಂದು ಗೋಡೆಗೋಡೆಗೂ ನೋಟೀಸು ಬಿತ್ತು. ಎಲ್ಲರೂ ಕುಣಿಯುತ್ತಿದ್ದರೆ ಅತ್ತಿಗೆ ಅನ್ನ ನೀರು ಬಿಟ್ಟರು. ಕೊನೆಗೆ ನನ್ನೆದುರು ಬಾಯಿಬಿಟ್ಟರು. "ಅಂಜಲೈ ಆ ಕಾಗ್ದ ಇಡ್ಕಂಡು ಬಂದೇ ಬತ್ತಾಳೆ ಕಣಪ್ಪಾ. ಅಷ್ಟು ಜನದ ಮುಂದೆ ಆಯಮ್ಮ ಇದ್ಯಾವ್ದು ನಂಗೊತ್ತಿಲ್ಲ ಅಂದ್ರೆ? ಗಂಡನ್ನ ಕಳ್ಕಂಡಿರೋಳಿಗೆ ನಾನು ಇಂತಾ ಮೋಸ ಮಾಡ್ಬುಟ್ನಲ್ಲ."

ಕುಮುದವಲ್ಲಿ ಬೆಳಗಿನ ರೈಲಿಗೆ ಬಂಗಾರಪೇಟೆಯಲ್ಲಿ ಇಳಿದರು. ಕರೆದೊಯ್ಯುವವರ ಕಾರು ಬರುವುದು ತಡವಾಗಿ ವೆಯಿಟಿಂಗ್ ರೂಮಿನಲ್ಲಿ ಕೂತರು. ನಾನು ಪಾರ್ಸೆಲ್ ಆಫೀಸಿನ ಹಿಂದಿನ ಬಾಗಿಲಿನಿಂದ ಅತ್ತಿಗೆಯನ್ನು ಕರೆದುಕೊಂಡು ಹೋದೆ. ಗುಮಾಸ್ತನ ಅಧಿಕಾರವನ್ನು ಜೀವಮಾನದಲ್ಲಿ ಒಮ್ಮೆ ದುರುಪಯೋಗ ಮಾಡಿದ್ದು ಅದೇ.

ಒಳಗೆ ನಿದ್ದೆಗೆಟ್ಟು ಊದಿದ ಕಣ್ಣಿನ ಹೆಂಗಸೊಬ್ಬರು ನೀಲಿ ಸೀರೆ ಉಟ್ಟು ಕಾಫಿ ಕುಡಿಯುತ್ತಾ, ಕಾಫಿ ಸರಿಯಿಲ್ಲವೆಂದು ಯಾರನ್ನೋ ಗದರುತ್ತಿದ್ದರು. ಕೆನ್ನೆಯ ಮೇಲೆ ಸಿಡುಬಿನ ಸಣ್ಣ ಸಣ್ಣ ಗುಳಿಗಳು. ನಾನು ಕುಮುದವಲ್ಲಿ ಎಲ್ಲಿ ಎಂದು ಸುತ್ತ ನೋಡಿದೆ. ಅತ್ತಿಗೆಗೆ ಮಾತ್ರ ತಕ್ಷಣ ಗೊತ್ತಾಯಿತು. ಹೋಗಿ ಎದುರಿಗೆ ನಿಂತು, ತೆಲುಗಿನಲ್ಲಿ, ಒಂದೇ ಉಸಿರಿಗೆ ಎಲ್ಲ ಹೇಳಿದರು. ಶೇಷಾಚಲಂ ಎದ್ದು ನಿಂತು ಬೆವರು ಒರೆಸಿಕೊಂಡರು. ಆಕೆ ಲೋಟ ಕೆಳಗಿಟ್ಟು ಅತ್ತಿಗೆಯ ಕಡೆ ತಿರುಗಿದರು.

"ಹುಡುಗಿ ಪಾಸಾದಳಾ?"

"ಆದ್ಲಮ್ಮಾ. ಪಸ್ಟ್ ಕ್ಲಾಸು."

"ಹಾಗಾದರೆ ಹೋಗಲೇಬೇಕು." ಆಮೇಲೆ ಪಕ್ಕದ ಕುರ್ಚಿ ತೋರಿಸಿ, "ಇಂಕಾ ಏಮೇಮಿ ರಾಶಾವಮ್ಮಾ?" ಎಂದರು. ನನ್ನ ಬಗ್ಗೆ ಇನ್ನೂ ಏನೇನು ಬರೆದಿದ್ದೀ ಎಂದು.

ಮುಂದಿನ ಅರ್ಧ ಗಂಟೆ ನಾನು ಕಂಡದ್ದನ್ನು ಯಾವ ಪತ್ರಿಕೆಯವನೂ ಕಂಡಿಲ್ಲ. ಕುಮುದವಲ್ಲಿ ಕುಮುದವಲ್ಲಿಯ ಪಾಠ ಕಲಿತರು. ಕಂಬಳಿಹುಳ ಕಂಡರೆ ಭಯ, ರಂಗೋಲಿಯಲ್ಲಿ ಇಷ್ಟವಾದದ್ದು ಎಂಟೆಳೆಯದು, ಯಾರಾದರೂ ಸತ್ತ ಸುದ್ದಿ ಬರೆದರೆ ಮೊದಲು ಊಟ ಮಾಡಿದೆಯಾ ಎಂದು ಕೇಳುವುದು. ಒಂದೊಂದನ್ನೂ ಆಕೆ ಬಾಯಲ್ಲಿ ಎರಡು ಸಲ ಹೇಳಿಕೊಂಡರು. ಕೊನೆಗೆ ಒಂದು ಸಮಸ್ಯೆ ಎದ್ದಿತು. ಸಿನಿಮಾದಲ್ಲಿ ಮುದ್ದೆ ತೊಳಸಿದ್ದರೇ ಹೊರತು ಆಕೆ ಹುಟ್ಟಿದಾಗಿನಿಂದ ಮುದ್ದೆ ತಿಂದಿರಲಿಲ್ಲ. "ಅಗೀಬಾರ್ದು, ನುಂಗ್ಬೇಕು. ಅಗಿದ್ರೆ ಸಿಕ್ಕಾಕಂಡಂಗೇ," ಎಂದು ಅತ್ತಿಗೆ ಗಾಬರಿಯಾದರು. ನಾನು ಓಡಿಹೋಗಿ ಕ್ಯಾಂಟೀನಿನಿಂದ ಇಡ್ಲಿ ತಂದೆ. ಅತ್ತಿಗೆ ಅದನ್ನು ಹಿಸುಕಿ ಉಂಡೆ ಕಟ್ಟಿ ಸಾಂಬಾರಿನಲ್ಲಿ ಅದ್ದಿ ಕೊಟ್ಟರು, ತಾರೆ ಕಣ್ಣು ಮುಚ್ಚಿ ನುಂಗಿದರು. ಆರನೆಯ ಉಂಡೆಗೆ ಪಾಸು.

ಟಾಕೀಸಿನ ಗೇಟಿನ ಹತ್ತಿರ ಕಾರು ನಿಂತಾಗ ಆಕೆ ಬಿಳಿ ಸೀರೆಯಲ್ಲಿದ್ದರು, ಕೆನ್ನೆ ನುಣ್ಣಗಿತ್ತು. ಇಳಿದವರೇ ಹಾರಕ್ಕೆ ಕತ್ತು ಕೊಡುವ ಮೊದಲು, "ಉರಿಗಾಂ ಅಂಜಲೈ ಎಲ್ಲಿದ್ದಾರೆ?" ಎಂದು ಕೇಳಿದರು. ಗುಂಪಿನ ಹಿಂದೆ ಕಾಗದ ಎದೆಗವಚಿಕೊಂಡು ನಿಂತಿದ್ದ ಹೆಂಗಸಿಗೆ ಜನ ತಾವಾಗಿ ದಾರಿ ಬಿಟ್ಟರು.

ಸಮಾರಂಭ ಮುಗಿದ ಮೇಲೆ ಎಲ್ಲರೂ ಆ ಒಂದು ಕೋಣೆಯ ಮನೆಗೆ ಹೋದೆವು. ಕಿಟಕಿಯಲ್ಲೂ ತಲೆ, ಬಾಗಿಲಲ್ಲೂ ತಲೆ. ಬಂದರೂ ಬರಬಹುದು ಎಂದು ಅಂಜಲೈ ಬೆಳಿಗ್ಗೆಯೇ ಸಾರು ಮಾಡಿಟ್ಟಿದ್ದಳು. ಮುದ್ದೆಯನ್ನು ನಮ್ಮೆದುರೇ ತೊಳಸಿ ಬಿಸಿಬಿಸಿಯಾಗಿ ತಟ್ಟೆಗಿಟ್ಟಳು. ಇಡ್ಲಿಯ ಉಂಡೆಯೇ ಬೇರೆ, ಒಲೆಯಿಂದಿಳಿದ ಮುದ್ದೆಯೇ ಬೇರೆ. ಮೊದಲ ತುತ್ತಿಗೇ ಆಕೆಯ ಕಣ್ಣಲ್ಲಿ ನೀರು ತುಂಬಿತು. "ಪಾಪ, ಎಷ್ಟು ಪ್ರೀತಿ ನೋಡು" ಎಂದು ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಗಂಟಲು ಸುಟ್ಟದ್ದು ಎಂದು ಗೊತ್ತಿದ್ದವರು ನಾನು, ಅತ್ತಿಗೆ ಇಬ್ಬರೇ. ಆದರೂ ಆಕೆ ನಿಲ್ಲಿಸಲಿಲ್ಲ. ಇಡೀ ಮುದ್ದೆ ಮುಗಿಸಿ, ಇನ್ನರ್ಧ ಹಾಕಿಸಿಕೊಂಡರು. ಯಾವ ಪ್ರಶಸ್ತಿಗೂ ಸಿಗದ ನಟನೆ ಅದು. ಅಥವಾ ಆ ಹೊತ್ತಿಗೆ ನಟನೆಯೇ ಆಗಿರಲಿಲ್ಲವೋ ಏನೋ.

ಕೈ ತೊಳೆದ ಮೇಲೆ ಅಂಜಲೈ ಕಾಗದ ಮುಂದಿಟ್ಟಳು. "ಇದು ನೀನೇ ಬರ್ದಿದ್ದಾ ಅಮ್ಮಾ?"

ಕುಮುದವಲ್ಲಿ ಕೈ ಒರೆಸಿಕೊಂಡು ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು. ಆಮೇಲೆ ಅತ್ತಿಗೆಯ ಕೈ ಹಿಡಿದು ಎಳೆದು ಪಕ್ಕದಲ್ಲಿ ಕೂರಿಸಿಕೊಂಡರು.

"ಮಾತು ನಂದು. ಕೈ ಇವಳದು," ಎಂದರು.

ಅಂಜಲೈ ಇಬ್ಬರನ್ನೂ ನೋಡಿ ತಲೆಯಾಡಿಸಿದಳು, ಅಷ್ಟೇ. ವಾಪಸು ಬರುವಾಗ ಬಸ್ಸಿನಲ್ಲಿ ಅತ್ತಿಗೆ, "ಮಾತೂ ನಂದೇ, ಕೈಯೂ ನಂದೇ. ಆದ್ರೆ ಓಗಿ ಉಂಡು ಬಂದಿದ್ದು ಆಯಮ್ಮ. ಈಗ ಮಾತು ಆಯಮ್ಮಂದೇ ಆಗೋಯ್ತು," ಎಂದರು.

ಹಾಗೆಂದರೇ ಹೊರತು ಮನಸ್ಸಿನ ಮುಳ್ಳು ಹೋಗಲಿಲ್ಲ. ಅಂಜಲೈಗೆ ಅರ್ಧ ಸುಳ್ಳು ಹೇಳಿಸಿಬಿಟ್ಟೆ ಎಂಬುದು ಅವರ ಕೊರಗು. ಕುಮುದವಲ್ಲಿ ತಾಯಿ ಪಾತ್ರಗಳಿಗೆ ಇಳಿದು ಕಟ್ಟುಗಳು ತೆಳ್ಳಗಾಗಿ ನಿಂತವು. ಅತ್ತಿಗೆ ತವರಿಗೆ ಹೋದಾಗಲೆಲ್ಲ ಅಂಜಲೈಯ ಲೈನು ತಪ್ಪಿಸಿ ಹಿಂದಿನ ಓಣಿಯಿಂದ ಹೋಗುತ್ತಿದ್ದರು. ಅಂಜಲೈ ತೀರಿಕೊಂಡಾಗಲೂ ದೂರದಲ್ಲೇ ನಿಂತು ಬಂದರು.

ಹದಿನೈದು ದಿನದ ಕೆಳಗೆ ಟೀವಿಯಲ್ಲಿ ಕುಮುದವಲ್ಲಿ ಹೋದ ಸುದ್ದಿ ಬಂದಾಗ, "ಆರ್ಸು ಅದನ್ನ" ಎಂದಿದ್ದರು ಅತ್ತಿಗೆ. ಈಗ ಅವರಿಗೆ ಎಂಬತ್ತೆರಡು. ಅಣ್ಣನಿಲ್ಲ. ಮಕ್ಕಳು, ಮೊಮ್ಮಕ್ಕಳು, ನಾವಿಬ್ಬರು, ಆರು ಹಸು, ಎಲ್ಲ ಅವರ ಅಂಕೆಯಲ್ಲೇ ಇದ್ದೇವೆ. ಶನಿವಾರ ನಾನು ಕಡಲೆಕಾಯಿಯ ಕಾಗದ ತಂದು ಓದಿ ಹೇಳಿದೆ, ನಗಲಿ ಎಂದು. ನಗಲಿಲ್ಲ. "ಇನ್ನೂ ಅದೇ ಸುಳ್ಳು ಅಚ್ಚಾಕ್ತಾವ್ರೆ. ಅಂಜಲೈ ಸಾಯೋಗಂಟ ಅದನ್ನೇ ನಂಬ್ಕಂಡು ಓದ್ಲು," ಎಂದು ಮುಖ ತಿರುಗಿಸಿದರು.

ಭಾನುವಾರ ಹತ್ತು ಗಂಟೆಗೆ ಸೆಲ್ವಿ ಬಂದಳು. ಹೆಡ್ಮಿಸ್ ಆಗಿ ನಿವೃತ್ತಿಯಾದವಳು, ತಲೆ ಪೂರಾ ಬೆಳ್ಳಗಾಗಿದೆ. ಸಂತೆಯಲ್ಲೋ ಬಸ್ಸಿನಲ್ಲೋ ಸಿಕ್ಕಿ ಮಾತಾಡಿದ್ದುಂಟು, ನಮ್ಮ ಮನೆಗೆ ಬಂದದ್ದು ಇದೇ ಮೊದಲು. ಬಂದವಳು ಯಾರನ್ನೂ ಚೆನ್ನಾಗಿದ್ದೀರಾ ಎನ್ನಲಿಲ್ಲ. ಸೀದಾ ಹೋಗಿ ಅತ್ತಿಗೆಯ ಪಕ್ಕ ನೆಲದ ಮೇಲೆ ಕೂತು ಅವರ ಕೈ ಹಿಡಿದುಕೊಂಡಳು. ನನ್ನ ಹೆಂಡತಿ ಕಾಫಿ ತಂದರೆ, ಬೇಡ ಎಂದು ತಲೆಯಾಡಿಸಿದಳು. ಹೆಂಡತಿಗೆ ಬೇಜಾರಾಯಿತು. ನನಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

"ಟೀವೀಲಿ ನೋಡಿದೆ ಅಕ್ಕಾ," ಎಂದಳು ಸೆಲ್ವಿ. "ಅವತ್ತೇ ಬರಬೇಕಿತ್ತು, ಮೈ ಹುಷಾರಿರಲಿಲ್ಲ. ಮದ್ರಾಸಿಗೆ ಹೋದರೆ ಅಲ್ಲಿ ನನಗೆ ಯಾರು ಗೊತ್ತು? ಕಾಗದ ಬರೆದೋರು ಇಲ್ಲಿದ್ದಾರಲ್ಲ ಅಂತ ಬಂದೆ."

"ಕೈ ಅಷ್ಟೇ ಕಣಮ್ಮಾ ನಂದು..." ಅತ್ತಿಗೆ ತಡವರಿಸಿದರು.

"ಮಾತೂ ನಿಮ್ಮದೇ. ಅಮ್ಮನಿಗೆ ಕಾಗದ ಓದಿದ ದಿನವೇ ಗೊತ್ತಾಗಿತ್ತು. ಮದ್ರಾಸಿನೋರು ಅಂಥ ತಮಿಳು ಬರೀತಾರಾ? ಅರ್ಧ ಕನ್ನಡ, ಅರ್ಧ ತೆಲುಗು, ಅಪ್ಪಟ ನಮ್ಮ ಲೈನಿನ ಮಾತು. ಇದು ಮುನಿಸ್ವಾಮಿ ಮಗಳು ರತ್ನ ಅಂತ ಆಗಲೇ ಅಂದಿದ್ದಳು."

"ಮತ್ಯಾಕೆ ಆಯಮ್ಮನ್ನ ಅಂಗೆ ಕೇಳಿದ್ಲು?"

"ಯಾರು ಬರೆದರು ಅಂತ ತಿಳ್ಕೊಳ್ಳೋಕಲ್ಲ ಅಕ್ಕಾ. ಅಷ್ಟು ದೊಡ್ಡೋರು ನಿಮ್ಮನ್ನ ಬಿಟ್ಟುಕೊಡ್ತಾರಾ ಇಲ್ಲವಾ ಅಂತ ನೋಡೋಕೆ. ಬಿಟ್ಟುಕೊಟ್ಟಿದ್ದರೆ ಅವರ ಫೋಟೋ ಒಲೆಗೆ ಹಾಕ್ತಿದ್ದೆ ಅಂತ ಅಮ್ಮ ಕೊನೇವರೆಗೂ ಹೇಳ್ತಿದ್ದಳು."

ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡರು, ಭುಜ ಅಲುಗಿತು. ಅವರು ಅತ್ತದ್ದನ್ನು ಅಣ್ಣ ಹೋದ ಮೇಲೆ ನಾನು ನೋಡಿರಲಿಲ್ಲ. ಸೆಲ್ವಿ ಅಳು ನಿಲ್ಲುವವರೆಗೂ ಕೈ ಬಿಡಲಿಲ್ಲ. ಆಮೇಲೆ ಎದ್ದಳು. ಬರ್ತೀನಿ ಎನ್ನಲಿಲ್ಲ, ಹಿಂತಿರುಗಿ ನೋಡಲಿಲ್ಲ, ಸಾವಿನ ಮನೆಯಿಂದ ಹೇಗೆ ಹೋಗಬೇಕೋ ಹಾಗೆ ಸುಮ್ಮನೆ ಮೆಟ್ಟಿಲಿಳಿದು ಹೊರಟುಹೋದಳು.

ಅತ್ತಿಗೆ ಕಂಬ ಹಿಡಿದು ಎದ್ದರು.

"ನೀರು ಕಾಯ್ಸಮ್ಮಾ," ಎಂದರು ನನ್ನ ಹೆಂಡತಿಗೆ. "ತಲೆ ಮೇಲೆ ಉಯ್ಕಂಬೇಕು. ಸಾವಿನ ನೀರು ಇನ್ನೂ ಉಯ್ಕಂಡಿಲ್ಲ ನಾನು."